ಹೆಸರು ಮೈಕ್ರೋ, ಜಾಗ ಕಲ್ಯಾಣ ಮಂಟಪ

ಮೊದಲೇ ಹೇಳಿಬಿಡ್ತೀನಿ, ಬಿಯರ್ ಚೆನ್ನಾಗಿತ್ತು. ಗೊಣಗಾಟ ಇರೋದು ಜಾಗದ ಬಗ್ಗೆ, ಬಿಲ್ಲಿನ ಬಗ್ಗೆ, ಮತ್ತು ಅವೆರಡೂ ಯಾಕೆ ಹಾಗಿವೆ ಅನ್ನೋದರ ಬಗ್ಗೆ.

ಕಾರ್ಕಳದಿಂದ ಭಾವ ಬಂದಿದ್ದರು. ಹೆಂಡತಿಯ ಅಣ್ಣ, ಅರವತ್ತರ ಹತ್ತಿರದ ಮನುಷ್ಯ, ಅಡಿಕೆ ತೋಟ ಬಿಟ್ಟು ಹೊರಗೆ ಬರೋದೇ ಅಪರೂಪ. ಬಂದ ದಿನವೇ ಕಾಫಿ ಕುಡೀತಾ ಕೇಳಿದರು, "ನಿಮ್ಮ ಬೆಂಗಳೂರಲ್ಲಿ ಬಿಯರ್ ಅಲ್ಲೇ ಮಾಡಿ ಅಲ್ಲೇ ಕೊಡ್ತಾರಂತೆ, ಹೌದಾ? ಒಮ್ಮೆ ನೋಡ್ಬೇಕಿತ್ತು." ಸರಿ ಅಂತ ಶನಿವಾರ ಸಂಜೆ ಐದಕ್ಕೆ ಊರಿನ ಪೂರ್ವ ಭಾಗದ ಒಂದು ಮೈಕ್ರೋಬ್ರೂವರಿಗೆ ಹೋದೆವು. ಹೆಸರು ಹಾಕಲ್ಲ. ಹಾಕಿ ಪ್ರಯೋಜನವೂ ಇಲ್ಲ, ಯಾಕಂದ್ರೆ ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ನಾನು ಹೋಗಿರುವ ಬೇರೆ ಬ್ರೂವರಿಗಳಿಗೂ ಹೊಂದುತ್ತೆ. ಹೆಂಡತಿ ಬಿಯರ್ ಮುಟ್ಟಲ್ಲ, ಹಾಗಾಗಿ ಕಾರು ಅವಳ ಕೈಯಲ್ಲಿತ್ತು. ಊಟದ ಬಗ್ಗೆ ತೀರ್ಪು ಕೂಡ ಅವಳದೇ.

ಗೇಟಿನಲ್ಲಿ ಮೂರು ಜನ ಸೆಕ್ಯೂರಿಟಿ, ಕಾರು ಒಳಗೆ ಬಿಡೋಕೆ ಇಬ್ಬರು ಹುಡುಗರು, ಕೈಗೆ ಕಾಗದದ ಪಟ್ಟಿ. ಒಳಗೆ ಹೋದರೆ ಮೂರು ಅಂತಸ್ತು, ಮಧ್ಯೆ ಒಂದು ಕೊಳ, ಕೊಳದಲ್ಲಿ ಕೆಂಪು ಮೀನು. ಒಂದು ಗೋಡೆ ತುಂಬಾ ಟಿವಿ ಪರದೆ. ಭಾವ ಒಂದು ಸುತ್ತು ಕಣ್ಣು ಹಾಯಿಸಿ, "ಎಂತ ಮಾರಾಯ್ರೆ, ಮೈಕ್ರೋ ಅಂದ್ರಲ್ಲ? ಇದು ಕಲ್ಯಾಣ ಮಂಟಪದಷ್ಟು ಉಂಟು!" ಅಂದರು. ನಾನು ನಕ್ಕೆ. ಆದರೆ ಆ ಮಾತು ಆಮೇಲೆ ಇಡೀ ಸಂಜೆ ತಲೆಯಲ್ಲೇ ಉಳಿಯಿತು.

ಬಿಯರ್ ವಿಷಯಕ್ಕೆ ಬರೋಣ. ಆರು ಪುಟ್ಟ ಗ್ಲಾಸುಗಳ ಸ್ಯಾಂಪ್ಲರ್ ತಗೊಂಡೆವು. ಮೊದಲ ಸಲ ಹೋಗುವವರು ಇದನ್ನೇ ತಗೊಳ್ಳಿ. ಗೋಧಿ ಬಿಯರ್ ಅತ್ಯುತ್ತಮ, ಮೂಗಿಗೆ ಹಿಡಿದರೆ ಬಾಳೆಹಣ್ಣು ಮತ್ತು ಲವಂಗದ ವಾಸನೆ. ಬಾಳೆಹಣ್ಣು ಹಾಕಿರಲ್ಲ, ಲವಂಗವೂ ಇಲ್ಲ, ಎಲ್ಲ ಆ ಈಸ್ಟ್ ಮಾಡೋ ಕೆಲಸ. ಬೆಲ್ಜಿಯನ್ ವಿಟ್‌ಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕ್ತಾರೆ ಅಂತ ವೇಟರ್ ಹುಡುಗ ಹೇಳಿದಾಗ ಭಾವ ಗ್ಲಾಸನ್ನು ಒಮ್ಮೆ ಮೂಸಿ "ಕೊತ್ತಂಬರಿಯಾ? ಇದು ಸಾರಾ?" ಅಂದು, ಆಮೇಲೆ ಅದನ್ನೇ ಮೊದಲು ಖಾಲಿ ಮಾಡಿದರು. ಐಪಿಎ ಅನ್ನೋ ಬಿಯರ್‌ನ ಕಹಿ ಸ್ವಲ್ಪ ಜಾಸ್ತಿಯೇ ಆಯ್ತು, ಹಾಗಲಕಾಯಿ ಗೊಜ್ಜು ಇಷ್ಟಪಡುವವರಿಗೆ ಸರಿ. ರಾಗಿ ಬಿಯರ್ ಅಂತ ಒಂದಿತ್ತು, ಹೆಸರಲ್ಲಿ ಮಾತ್ರ ರಾಗಿ, ನಾಲಿಗೆಗೆ ಸಿಗಲಿಲ್ಲ. ಸೇಬಿನ ಸೈಡರ್ ಸಕ್ಕರೆ ನೀರು. ಕೊನೆಯದು ಸ್ಟೌಟ್. ಕಾಫಿ ಡಿಕಾಕ್ಷನ್ ಬಣ್ಣ, ಹುರಿದ ಬಾರ್ಲಿಯ ಸುವಾಸನೆ, ಮೇಲೆ ಕೆನೆಯಂಥ ನೊರೆ. ಭಾವ ಮಾತಾಡಲಿಲ್ಲ. ಇನ್ನೊಂದು ದೊಡ್ಡ ಗ್ಲಾಸ್ ತರಿಸಿ ಅಂತ ಬೆರಳು ತೋರಿಸಿದರು ಅಷ್ಟೇ.

ಊಟ ಸಾಧಾರಣ. ಪಿಜ್ಜಾ ಪರವಾಗಿಲ್ಲ, ಆಂಧ್ರ ಚಿಲ್ಲಿ ಚಿಕನ್ ಚೆನ್ನಾಗಿತ್ತು, ಮಸಾಲೆ ಕಡಲೆಬೀಜಕ್ಕೆ ಅವರು ಹಾಕಿದ ರೇಟು ನೋಡಿ ಹೆಂಡತಿ ಮೆನು ಮಡಚಿಟ್ಟಳು. ಏಳೂವರೆಗೆ ಡಿಜೆ ಶುರು. ಅಲ್ಲಿಂದ ಮುಂದೆ ನಾವು ಮೂರು ಜನ ಒಬ್ಬರ ಕಿವಿಯಲ್ಲಿ ಒಬ್ಬರು ಕೂಗಿಕೊಂಡೇ ಮಾತಾಡಿದ್ದು. ಬಿಲ್ 5,000 ದಾಟಿತು. ಮೂರು ಜನ, ಅದರಲ್ಲಿ ಒಬ್ಬಳು ಕುಡಿದದ್ದು ನಿಂಬೆ ಸೋಡಾ.

ಡಿಜೆ ಶುರುವಾಗೋ ಮುಂಚೆ ಒಂದು ಒಳ್ಳೆ ಕೆಲಸ ಆಗಿತ್ತು. ಗಾಜಿನ ಗೋಡೆಯ ಆ ಕಡೆ ಟ್ಯಾಂಕ್ ತೊಳೀತಾ ಇದ್ದ ಬ್ರೂವರ್ ಹುಡುಗ ಭಾವ ನೋಡ್ತಾ ನಿಂತದ್ದು ಕಂಡು ಒಳಗೆ ಕರೆದ. ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಪುಡಿ ಮಾಡೋದು, ಸುಮಾರು 65 ಡಿಗ್ರಿ ಬಿಸಿನೀರಲ್ಲಿ ನೆನೆಸೋದು, ಆ ನೀರು ಬಸಿದು ಕಹಿ ಕೊಡೋ ಹಾಪ್ಸ್ ಹೂವು ಹಾಕಿ ಕುದಿಸೋದು, ತಣಿಸಿ ಈಸ್ಟ್ ಬಿಡೋದು, ಎಲ್ಲ ತೋರಿಸಿದ. ಬಸಿದು ಉಳಿದ ಕಾಳಿನ ಚರಟ ದನಕ್ಕೆ ಹೋಗುತ್ತಂತೆ. ಭಾವನಿಗೆ ಬಿಯರ್‌ಗಿಂತ ಆ ಚರಟದ ಮೇಲೆ ಆಸಕ್ತಿ ಜಾಸ್ತಿ ಆಯ್ತು, ಕೈಯಲ್ಲಿ ಹಿಡಿದು ಮೂಸಿ ನೋಡಿದರು. ಇದು ಸೋಸದ, ಪಾಶ್ಚರೀಕರಿಸದ ಬಿಯರ್, ಈಸ್ಟ್ ಇನ್ನೂ ಜೀವಂತ ಇರುತ್ತೆ, ತಣ್ಣಗೆ ಇಡದಿದ್ದರೆ ಬೇಗ ಕೆಡುತ್ತೆ ಅಂದ ಆ ಹುಡುಗ. "ನಮ್ಮ ಶೇಂದಿಯ ಹಾಗೇ" ಅಂದರು ಭಾವ. ಬೆಳಿಗ್ಗೆ ಮರದಿಂದ ಇಳಿಸಿದ್ದು ಸಂಜೆಗೆ ಹುಳಿ.

ಆಗ ನಾನೂ ಒಂದು ಕೇಳಿದೆ. ಇಷ್ಟೇ ಟ್ಯಾಂಕು, ಇಷ್ಟೇ ಕೆಲಸ, ಇದನ್ನ ಇಪ್ಪತ್ತು ಕುರ್ಚಿ ಹಾಕಿ ದರ್ಶಿನಿ ಥರ ಮಾಡೋಕೆ ಆಗಲ್ವಾ? ಹುಡುಗ ನಕ್ಕ. "ಬಿಯರ್ ಮಾಡೋಕೆ ಆಗುತ್ತೆ ಸರ್, ಸನ್ನದು ಎಲ್ಲಿಂದ ತರ್ತೀರಾ?"

ಇಲ್ಲೇ ವಿಷಯ ಇರೋದು. ಕರ್ನಾಟಕದಲ್ಲಿ ಬರೀ ಬಿಯರ್ ಮಾಡಿ ಮಾರ್ತೀನಿ ಅಂತ ಸುಮ್ನೆ ಒಂದು ಸಣ್ಣ ಮಳಿಗೆ ತೆರೆಯೋ ಹಾಗಿಲ್ಲ. ಮೊದಲು ಮದ್ಯ ಮಾರುವ ಸನ್ನದು ಇರಬೇಕು, ಬಾರ್ ಅಂಡ್ ರೆಸ್ಟೋರೆಂಟ್‌ನ ಸಿಎಲ್-9 ಅಥವಾ ರೂಮುಗಳಿರುವ ಹೋಟೆಲಿನ ಸಿಎಲ್-7, ಇಂಥದ್ದು. ಅದರ ಮೇಲೆ ಮೈಕ್ರೋಬ್ರೂವರಿ ಸನ್ನದು. ಸರಿ, ಒಂದು ಸಿಎಲ್-9 ತಗೊಳ್ಳೋಣ ಅಂದ್ರೆ, 1992ರಿಂದ ಸರ್ಕಾರ ಹೊಸ ಸಿಎಲ್-9 ಕೊಡೋದನ್ನೇ ನಿಲ್ಲಿಸಿತ್ತು, ಪಾರ್ಸೆಲ್ ಅಂಗಡಿಗಳ ಸಿಎಲ್-2 ಕೂಡ ಅಷ್ಟೇ. ಊರು ನಾಲ್ಕು ದಿಕ್ಕಿಗೂ ಬೆಳೀತು, ಸನ್ನದು ಮಾತ್ರ ಇದ್ದಷ್ಟೇ. ಹಾಗಾಗಿ ಹಳೇ ಸನ್ನದುಗಳೇ ಕೈಯಿಂದ ಕೈಗೆ ಹೋಗ್ತವೆ. ಸರ್ಕಾರಕ್ಕೆ ಕಟ್ಟುವ ಶುಲ್ಕ ಒಂದು ಕಡೆ, ಬಿಟ್ಟುಕೊಡುವವರು ಕೇಳುವ ದುಡ್ಡು ಇನ್ನೊಂದು ಕಡೆ. ಎಂಬತ್ತರ ದಶಕದಲ್ಲಿ ಅಜ್ಜ ಮಾಡಿಟ್ಟ ಬಾರ್ ಸನ್ನದು ಇವತ್ತು ಮೊಮ್ಮಗನಿಗೆ ಕಾರ್ನರ್ ಸೈಟ್ ಇದ್ದ ಹಾಗೆ. ಬಾರ್ ಮೇಲೆ "ಲಾಡ್ಜಿಂಗ್" ಅಂತ ಬೋರ್ಡು ನೋಡಿರ್ತೀರಲ್ಲ, ಸಿಎಲ್-9 ಸಿಗದವರಿಗೆ ರೂಮು ಕಟ್ಟಿಸಿ ಸಿಎಲ್-7 ಪಡೆಯೋದು ಒಂದು ದಾರಿ. 2025ರ ಬಜೆಟ್‌ನಲ್ಲಿ ಸನ್ನದುಗಳನ್ನು ಇ-ಹರಾಜು ಹಾಕ್ತೀವಿ ಅಂತ ಸರ್ಕಾರ ಹೇಳಿತು. ಪಾರದರ್ಶಕ ಇರಬಹುದು. ಆದರೆ ಹರಾಜು ಅಂದ ಮೇಲೆ ಜಾಸ್ತಿ ಕೂಗಿದವನಿಗೇ ಅಲ್ವಾ?

ಈಗ ಲೆಕ್ಕ ಹಾಕಿ. ಸನ್ನದಿಗೇ ಅಷ್ಟು ದುಡ್ಡು ಸುರಿದವನು ಇಪ್ಪತ್ತು ಕುರ್ಚಿ ಹಾಕ್ತಾನಾ? ನಾನೂರು ಹಾಕ್ತಾನೆ. ನಾನೂರು ಕುರ್ಚಿ ತುಂಬಬೇಕು ಅಂದ್ರೆ ಡಿಜೆ ಬೇಕು, ಐಪಿಎಲ್ ಮ್ಯಾಚ್ ಹಾಕಬೇಕು, ಕೊಳ ಬೇಕು, ಕೊಳದಲ್ಲಿ ಮೀನು ಬೇಕು, ಬರ್ತ್‌ಡೇ ಪಾರ್ಟಿಗೆ ಒಂದು ಮಹಡಿ ಬೇಕು. ಕಡಲೆಬೀಜದ ರೇಟು ಹೆಚ್ಚಿದ್ದರಲ್ಲಿ ಕಡಲೆಬೀಜದ ತಪ್ಪೇನೂ ಇಲ್ಲ. ಬಿಯರ್ ಮಾಡೋಕೆ ಹೊರಟವನು ಕೊನೆಗೆ ಮಂಟಪ ನಡೆಸ್ತಾನೆ. ಒಳ್ಳೆ ಬಿಯರ್ ಮಾಡೋ ಕೈ ಇದ್ದು ದುಡ್ಡಿಲ್ಲದ ಆ ಹುಡುಗನಂಥವರು ಇನ್ನೊಬ್ಬರ ಗಾಜಿನ ಗೋಡೆಯ ಹಿಂದೆ ಟ್ಯಾಂಕ್ ತೊಳೀತಾರೆ.

ಹಾಗಂತ ಮೈಕ್ರೋಬ್ರೂವರಿಗೆ ಅವಕಾಶ ಕೊಟ್ಟ ನಿಯಮ ಬಂದದ್ದೇ ತಪ್ಪು ಅಂತ ನಾನು ಹೇಳಲ್ಲ. ಅದು ಬಂದಿಲ್ಲದಿದ್ದರೆ ನಾವೆಲ್ಲ ಇವತ್ತಿಗೂ ಸ್ಟ್ರಾಂಗ್ ಬಾಟಲಿ ಬಿಯರ್‌ನಲ್ಲೇ ಇರ್ತಿದ್ದೆವು. ಪುಣೆಯಲ್ಲಿ ಡೂಲಾಲಿ ಅನ್ನೋ ಮೈಕ್ರೋಬ್ರೂವರಿ 2009ರಲ್ಲಿ ಶುರುವಾಯ್ತು. ಬೆಂಗಳೂರಲ್ಲಿ ಇಂದಿರಾನಗರದ ಟಾಯ್ಟ್ 2010ರಲ್ಲಿ, ಮರುವರ್ಷ ವಿಠ್ಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್. ಆಮೇಲೆ ಸಾಲು ಸಾಲು. ಬಾಗಿಲು ತೆಗೆದದ್ದು ನಿಜ. ಆದರೆ ತೆಗೆದ ಬಾಗಿಲಲ್ಲಿ ಆನೆ ಮಾತ್ರ ನುಗ್ಗುತ್ತೆ, ಇರುವೆಗೆ ಜಾಗ ಇಲ್ಲ.

ಹೊರಡುವಾಗ ಭಾವ ಕೇಳಿದರು, ಆ ಕಪ್ಪು ಬಿಯರ್ ಒಂದು ಲೀಟರ್ ಪಾರ್ಸೆಲ್ ಸಿಗ್ತದಾ ಅಂತ. ಊರಲ್ಲಿ ಗೆಳೆಯರಿಗೆ ತೋರಿಸಬೇಕಂತೆ. ಕೌಂಟರಿನವನು ತಲೆ ಅಲ್ಲಾಡಿಸಿದ, ಇಲ್ಲಿ ಕೂತು ಕುಡಿಯೋದಕ್ಕೆ ಮಾತ್ರ, ನಾವು ಪ್ಯಾಕ್ ಮಾಡಲ್ಲ ಸರ್. ತಮಾಷೆ ಅಂದ್ರೆ 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕ್‌ಗಳಲ್ಲಿದ್ದ ಬಿಯರ್ ಚರಂಡಿಗೆ ಚೆಲ್ಲೋ ಪರಿಸ್ಥಿತಿ ಬಂದಾಗ, ಅಬಕಾರಿ ಇಲಾಖೆಯೇ ಒಬ್ಬರಿಗೆ 2 ಲೀಟರ್‌ವರೆಗೆ ಪಾರ್ಸೆಲ್ ಕೊಡಬಹುದು ಅಂತ ಅನುಮತಿ ಕೊಟ್ಟಿತ್ತು. ನಾನೂ ಆಗ ಮಾಸ್ಕ್ ಹಾಕ್ಕೊಂಡು ಹಾಲಿನ ಬೂತ್ ಮುಂದೆ ನಿಂತ ಹಾಗೆ ಕ್ಯೂನಲ್ಲಿ ನಿಂತು ಗಾಜಿನ ಬಾಟಲಿ ತುಂಬಿಸಿಕೊಂಡು ಬಂದಿದ್ದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಪಾರ್ಸೆಲ್ ಬಿಡಿ, ಪಕ್ಕದ ಬೀದಿಯ ಬಾರ್‌ಗೆ ಒಂದು ಪೀಪಾಯಿ ಕಳಿಸೋ ಹಾಗೂ ಇಲ್ಲ. ಮಾಡಿದ ಸೂರಿನ ಕೆಳಗೇ ಮಾರಬೇಕು. ಬಾಟಲಿಗೆ ತುಂಬಿ ಅಂಗಡಿಗೆ ಕಳಿಸಬೇಕಾದರೆ ದೊಡ್ಡ ಬ್ರೂವರಿಯ ಸನ್ನದು ಬೇಕು, ಲೇಬಲ್‌ಗೆ ಅಬಕಾರಿ ಇಲಾಖೆಯ ಅನುಮೋದನೆ ಬೇಕು, ಮಾಲು ಕೆಎಸ್‌ಬಿಸಿಎಲ್ ಡಿಪೋ ಮೂಲಕ ಹೋಗಬೇಕು. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಆ ಸರ್ಕಾರಿ ನಿಗಮದ ಕೈಯಲ್ಲಿದೆ. ತಣ್ಣಗೆ ಇಡದಿದ್ದರೆ ಕೆಡುವ ಬಿಯರ್ ಇಷ್ಟು ಸುತ್ತು ಹಾಕಿ ಬರೋ ಹೊತ್ತಿಗೆ ಏನಾಗಿರುತ್ತೋ. ಮ್ಯಾಗ್ರತ್ ರಸ್ತೆಯಲ್ಲಿ 2012ರಲ್ಲಿ ಶುರುವಾದ ಆರ್ಬರ್ ಬ್ರೂಯಿಂಗ್ ಕಂಪನಿ ಪ್ಯಾಕ್ ಮಾಡಿ ಮಾರೋಕೆ ಹೊರಟಾಗ ಬಿಯರ್ ತಯಾರಿಸಿದ್ದು ಗೋವಾದಲ್ಲಿ. ಬೆಂಗಳೂರು ಬ್ರೂವರಿಯ ಬಿಯರ್, ಗೋವಾದ ಡಬ್ಬಿ.

ಇನ್ನು ಸಣ್ಣವರನ್ನು ನಿದ್ದೆಗೆಡಿಸುವ ವಿಷಯ ಇನ್ನೊಂದಿದೆ, ನಿಯಮ ರಾತ್ರೋರಾತ್ರಿ ಬದಲಾಗೋದು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರೋ ಹಾಗಿಲ್ಲ ಅಂದಿತು. ನಮ್ಮಲ್ಲಿ ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30, ಹಾಗಾಗಿ ಏಟು ಬಿದ್ದದ್ದು 2017ರ ಜುಲೈ 1ಕ್ಕೆ. ಎಂ.ಜಿ. ರೋಡ್, ಬ್ರಿಗೇಡ್ ರೋಡ್‌ನ ಎಷ್ಟೋ ಪಬ್‌ಗಳ ಬಾಗಿಲು ಮುಚ್ಚಿತು. ಅದೇ ತಿಂಗಳು ಕೋರ್ಟೇ ನಗರದ ಒಳಗಿನ ರಸ್ತೆಗಳಿಗೆ ಇದು ಅಡ್ಡಿ ಬರಲ್ಲ ಅಂತ ಸ್ಪಷ್ಟ ಮಾಡಿತು. ಕೇರಳದ ಉತ್ತರ ಪರವೂರಿನಲ್ಲಿ ಒಂದು ಬಾರ್‌ನವರು ನಡೆಯೋ ದೂರ 500 ಮೀಟರ್ ಆಗಲಿ ಅಂತ ಬಾಗಿಲ ಮುಂದೆ ಗೋಡೆ ಕಟ್ಟಿ ಚಕ್ರವ್ಯೂಹವನ್ನೇ ಮಾಡಿದ್ದರು, ನೆನಪಿದೆಯಾ? ಮಂಟಪ ಕಟ್ಟಿದವನು ಬಾಗಿಲು ಮುಚ್ಚಿ ಕೆಲವು ವಾರ ಬಾಡಿಗೆ, ಸಂಬಳ ತಡ್ಕೋತಾನೆ. ಇಪ್ಪತ್ತು ಕುರ್ಚಿಯವನು ಅಲ್ಲಿಗೇ ಮುಗಿದ. ಒಂದು ಒಳ್ಳೆಯದೂ ಆಗಿದೆ ಬಿಡಿ, 2024ರ ಆಗಸ್ಟ್‌ನಿಂದ ಬೆಂಗಳೂರಲ್ಲಿ ವಾರದ ಎಲ್ಲ ದಿನ ರಾತ್ರಿ 1 ಗಂಟೆವರೆಗೆ ತೆರೆದಿಡಬಹುದು. ನಮಗೇನು, ಡಿಜೆ ತಡೆಯಲಾರದೆ ಎಂಟೂವರೆಗೇ ಎದ್ದು ಬಂದೆವು.

ಕಾರಿನಲ್ಲಿ ಭಾವ ಅವರ ಕಡೆಯ ಗಡಂಗಿನ, ಅಂದ್ರೆ ಶೇಂದಿ ಅಂಗಡಿಯ, ಕತೆ ಹೇಳಿದರು. ಘಟ್ಟದ ಮೇಲೆ ಶೇಂದಿ ನಿಂತು ಎಷ್ಟೋ ವರ್ಷ ಆಯ್ತು, ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆ ಇನ್ನೂ ಇದೆ. ಶೇಂದಿ ಇಳಿಸುವ ಮೂರ್ತೆದಾರರ ಸಹಕಾರ ಸಂಘ, ಹೆಂಚಿನ ಮಾಡು, ಎರಡು ಬೆಂಚು, ಖಾರದ ಮೀನು. ಮರ ಹತ್ತಿದವನ ಹೆಸರು ಕುಡಿಯುವವನಿಗೆ ಗೊತ್ತಿರುತ್ತೆ. ಮೈಕ್ರೋ ಅಂದ್ರೆ ಅದು. ಅದಕ್ಕೆ ಯಾರೂ ಸ್ಟಾರ್ ಕೊಡಲ್ಲ, ಅಷ್ಟೇ.

ಮರುದಿನ ಕ್ಯಾಬ್ ಮಾಡಿಕೊಂಡು ದೊಡ್ಡಬಳ್ಳಾಪುರದ ಗ್ರೋವರ್ ಝಂಪಾ ವೈನರಿಗೆ ಹೋದೆವು, ರಘುನಾಥಪುರದ ಹತ್ತಿರ, ನಂದಿ ಬೆಟ್ಟದ ಸೀಮೆ. ಟೂರ್‌ಗೆ ಮುಂಚೆಯೇ ಬುಕ್ ಮಾಡಬೇಕು, ಸುಮ್ನೆ ಹೋಗಿ ಗೇಟಿನಲ್ಲಿ ನಿಲ್ಲಬೇಡಿ. ದ್ರಾಕ್ಷಿ ತೋಟ, ಸ್ಟೀಲ್ ಟ್ಯಾಂಕುಗಳು, ಆಮೇಲೆ ಓಕ್ ಮರದ ಪೀಪಾಯಿಗಳ ತಂಪು ನೆಲಮಾಳಿಗೆ. ಭಾವ ತೋಟದಲ್ಲೇ ಸಿಕ್ಕಿಹಾಕ್ಕೊಂಡರು, ಯಾವ ಗೊಬ್ಬರ, ಎಷ್ಟು ನೀರು, ವರ್ಷಕ್ಕೆ ಎಷ್ಟು ಸಲ ಕತ್ತರಿಸ್ತೀರಿ. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ಅದಕ್ಕೇ ಎರಡು ಸಲ ಕತ್ತರಿಸಿ ಒಂದು ಬೆಳೆ ತೆಗೀತಾರೆ, ಕೊಯ್ಲು ಬೇಸಿಗೆಯ ಶುರುವಿಗೆ. ಈ ಸೀಮೆಗೆ ಹೆಸರು ತಂದ ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ, ಅಂದ್ರೆ ಭೌಗೋಳಿಕ ಗುರುತಿನ, ಮಾನ್ಯತೆ ಕೂಡ ಇದೆ, ಆದರೆ ಇಲ್ಲಿ ಹೆಸರಾದ ವೈನ್‌ಗಳು ಫ್ರಾನ್ಸ್ ಮೂಲದ ತಳಿಗಳದ್ದು. ಕನ್ವಲ್ ಗ್ರೋವರ್ ಅವರು 1988ರಲ್ಲಿ ಕಂಪನಿ ಕಟ್ಟಿದಾಗ ಇಲ್ಲಿ ವೈನ್ ದ್ರಾಕ್ಷಿ ಬೆಳೆಯೋದು ಒಂದು ಹುಚ್ಚು ಅಂತಲೇ ಕಂಡಿರಬೇಕು.

ರುಚಿ ನೋಡುವ ಕೋಣೆಯಲ್ಲಿ ಒಂದೊಂದೇ ಕೊಟ್ಟರು. ಸೊವಿನ್ಯೋಂ ಬ್ಲಾಂಕ್ ಅನ್ನೋ ಬಿಳಿ ವೈನ್ ಚುರುಕು, ಹಸಿ ಹುಲ್ಲಿನ ವಾಸನೆ. ಗುಲಾಬಿ ಬಣ್ಣದ ರೋಸೆ ವೈನ್ ಹೆಂಡತಿಗೆ ಹಿಡಿಸಿತು, ಅರ್ಧ ಗ್ಲಾಸ್ ಕುಡಿದಳು, ಅದೇ ದೊಡ್ಡ ಸುದ್ದಿ. ಲಾ ರಿಸರ್ವ್ ಕೆಂಪು ವೈನ್ ನನಗೆ. ಇಷ್ಟವಾಗದಿದ್ದರೆ ಉಗಿಯೋಕೆ ಒಂದು ಪಾತ್ರೆ ಇಟ್ಟಿದ್ದರು. ಭಾವನಿಗೆ ಅದನ್ನ ಅರಗಿಸಿಕೊಳ್ಳಲು ಆಗಲೇ ಇಲ್ಲ. "ದುಡ್ಡು ಕೊಟ್ಟು ಉಗಿಯುವುದಾ?" ಹಿಂದಿನ ದಿನದ ಗದ್ದಲದ ಮುಂದೆ ಇದು ದೇವಸ್ಥಾನ. ಎದುರಿಗೆ ಕೂತವರ ಮಾತು ಕೇಳಿಸುತ್ತಿತ್ತು! ಹೊರಡುವಾಗ ಎರಡು ಬಾಟಲಿ ಕೊಂಡೆವು. ಯಾರೂ ತಲೆ ಅಲ್ಲಾಡಿಸಲಿಲ್ಲ, ಚೀಲಕ್ಕೆ ಹಾಕಿ ಕೊಟ್ಟರು.

ಅದೂ ಮದ್ಯ, ಇದೂ ಮದ್ಯ. ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಯಾಕೆ? ಯಾಕಂದ್ರೆ ಸರ್ಕಾರದ ಕಣ್ಣಲ್ಲಿ ಬಿಯರ್ ಎಣ್ಣೆ, ವೈನ್ ತೋಟಗಾರಿಕೆ. 2007ರಲ್ಲಿ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ತಂದರು, ಬೆಳೆಗಾರನಿಗೆ ಬೆಲೆ ಸಿಗಲಿ ಅಂತ. ಆಮೇಲೆ ಅದಕ್ಕೊಂದು ಮಂಡಳಿಯೂ ಬಂತು. ಅದೇ 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಎರಡೂ ಒಂದೇ ವರ್ಷ. ಸಾರಾಯಿ ಹಾಳು ಮಾಡಿದ ಮನೆಗಳು ಎಷ್ಟು ಅಂತ ಹಳ್ಳಿ ಕಡೆಯವರಿಗೆ ಗೊತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನೀತಿ ಅನ್ನೋದು ಗ್ಲಾಸಿನಲ್ಲಿ ಇರೋದನ್ನ ನೋಡಿ ಆಗುತ್ತೋ ಅಥವಾ ಗ್ಲಾಸ್ ಹಿಡಿದವನನ್ನ ನೋಡಿ ಆಗುತ್ತೋ ಅನ್ನೋ ಅನುಮಾನ ಬರುತ್ತೆ.

ವೈನ್‌ನವರಿಗೆ ಎಲ್ಲ ಸಲೀಸು ಅಂದ್ಕೋಬೇಡಿ. ರಾಜ್ಯದ ಗಡಿ ದಾಟಿದರೆ ಮತ್ತೆ ಅದೇ ಗೋಳು. ಮದ್ಯ ಜಿಎಸ್‌ಟಿಯ ಹೊರಗೆ, ಸಂವಿಧಾನದ ಪ್ರಕಾರ ರಾಜ್ಯಗಳ ಕೈಯಲ್ಲಿ. ಒಂದೊಂದು ರಾಜ್ಯಕ್ಕೂ ಲೇಬಲ್ ಬೇರೆ ನೋಂದಾಯಿಸಬೇಕು, ಶುಲ್ಕ ಬೇರೆ ಕಟ್ಟಬೇಕು. 2001ರಲ್ಲೇ ವೈನ್ ನೀತಿ ತಂದ ಮಹಾರಾಷ್ಟ್ರ ತನ್ನ ವೈನರಿಗಳನ್ನು ಸಾಕಿಕೊಂಡಿತು, ಹೊರಗಿನ ವೈನ್ ಅವರಿಗೆ ಆಮದು ಮಾಲು. ಗ್ರೋವರ್‌ನಂಥವರು ತಡ್ಕೋತಾರೆ, 2012ರಲ್ಲಿ ನಾಸಿಕ್ ಕಡೆಯ ಕಂಪನಿಯ ಜೊತೆ ಸೇರಿಕೊಂಡರು, ಝಂಪಾ ಅನ್ನೋ ಬಾಲ ಬಂದದ್ದು ಅಲ್ಲಿಂದಲೇ. ನಾಲ್ಕು ಎಕರೆ ದ್ರಾಕ್ಷಿ, ಐದು ಲೇಬಲ್ ಇರುವವನು ಏನು ಮಾಡಬೇಕು? ಟಿವಿಯಲ್ಲಿ ಮದ್ಯದ ಜಾಹೀರಾತು ಇಲ್ಲ. ದೊಡ್ಡವರು ಅದೇ ಹೆಸರಿನ ಸೋಡಾ ಮಾಡಿ ತೋರಿಸ್ತಾರೆ, ಇವನಿಗೆ ಸೋಡಾ ಮಾಡೋಕೂ ದುಡ್ಡಿಲ್ಲ. ಅಂಗಡಿಯಲ್ಲಿ ಇಡೋಣ ಅಂದ್ರೆ ನಮ್ಮ ವೈನ್ ಶಾಪ್‌ಗಳ ಕತೆ ಗೊತ್ತಲ್ಲ, ಬೋರ್ಡಿನಲ್ಲಿ "ವೈನ್ಸ್" ಅಂತಿರುತ್ತೆ, ಒಳಗೆ ಐವತ್ತು ಥರದ ವಿಸ್ಕಿ ರಮ್ಮು, ಮೇಲಿನ ಸಾಲಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಧೂಳು ಹಿಡಿದು ಬಿಸಿಗೆ ಕುದೀತಾ ನಿಂತ ಎರಡು ವೈನ್ ಬಾಟಲಿ. ಅವುಗಳನ್ನು ಕೊಂಡವನು ಮತ್ತೆ ವೈನ್ ಸಹವಾಸಕ್ಕೆ ಬರಲ್ಲ. ಹಾಗಾಗಿ ಸಣ್ಣ ವೈನರಿಗೆ ಆ ರುಚಿ ನೋಡುವ ಕೋಣೆಯೇ ಅಂಗಡಿ, ಜಾಹೀರಾತು, ಎಲ್ಲ.

ಸ್ಟಾರ್ ಕೊಡಲೇಬೇಕು ಅಂದ್ರೆ, ಬ್ರೂವರಿಯ ಬಿಯರ್‌ಗೆ ನಾಲ್ಕೂವರೆ, ಆ ಬ್ರೂವರ್ ಹುಡುಗನಿಗೆ ಐದು, ಊಟಕ್ಕೆ ಮೂರು, ಗದ್ದಲಕ್ಕೆ ಒಂದು. ಹೋಗೋದಾದರೆ ವಾರದ ನಡುವೆ ಮಧ್ಯಾಹ್ನ ನಾಲ್ಕಕ್ಕೆ ಹೋಗಿ, ಟ್ಯಾಂಕ್ ಹತ್ತಿರದ ಟೇಬಲ್ ಕೇಳಿ, ಸ್ಟೌಟ್ ಬಿಡಬೇಡಿ. ವೈನರಿಗೆ ನಾಲ್ಕೂವರೆ. ಬಿಸಿಲಲ್ಲಿ ನಡೀಬೇಕು, ಟೋಪಿ ಇರಲಿ. ಎರಡೂ ಕಡೆ ವಾಪಸ್ ಬರೋಕೆ ಕುಡಿಯದ ಡ್ರೈವರ್ ಇರಲಿ.

ಸೋಮವಾರ ರಾತ್ರಿ ಬಸ್ಸಿಗೆ ಭಾವನನ್ನು ಹತ್ತಿಸಿದೆ, ಒಂದು ಬಾಟಲಿ ಲುಂಗಿಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಮೂರು ದಿನ ಬಿಟ್ಟು ಫೋನ್ ಬಂತು. ಗೆಳೆಯರೆಲ್ಲ ಸೇರಿ ತೆಗೆದರಂತೆ, ಬೂತಾಯಿ ಫ್ರೈ ಜೊತೆ. "ಸ್ವಲ್ಪ ಒಗರು ಉಂಟು, ಆದ್ರೆ ಮೀನಿಗೆ ಆಗ್ತದೆ ಮಾರಾಯ್ರೆ. ಆ ಕಪ್ಪು ಬಿಯರಿನ ಬಗ್ಗೆ ಹೇಳಿದೆ, ಯಾರೂ ನಂಬುದಿಲ್ಲ."